ಬೆಳಗಿನ ಕೈಗೆ ಒಗ್ಗುವ ಗಾಡಿ

ಕಿಟಕಿಯಾಚೆ ಇನ್ನೂ ಕತ್ತಲು. ಅಡುಗೆಮನೆ ಕಟ್ಟೆಯ ಮೇಲೆ ಬಿಸಿನೀರಿನ ಪಾತ್ರೆ, ಅದರೊಳಗೆ ಮಣಿಕಟ್ಟಿನವರೆಗೆ ಮುಳುಗಿದ ಎರಡು ಕೈ. ನೀರಿನಡಿಯಲ್ಲಿ ಬೆರಳುಗಳು ಮೆಲ್ಲಗೆ ಮಡಚಿಕೊಳ್ಳಲು ನೋಡುತ್ತವೆ. ಎಡಗೈಯ ನಡುಬೆರಳು ಮಾತ್ರ ಹಟ ಹಿಡಿದ ಮಗುವಿನ ಹಾಗೆ ನೆಟ್ಟಗೆ ನಿಂತಿದೆ. "ಬಾರಮ್ಮಾ, ಹೊತ್ತಾಯ್ತು, ಬಾ" ಎಂದು ಅದನ್ನು ಬಲಗೈಯಿಂದ ಬಗ್ಗಿಸುತ್ತಾ ಸೂಜಿಯಕ್ಕ ಹಲ್ಲು ಕಚ್ಚುತ್ತಾರೆ.

ಆ ಕೈ ಮುಷ್ಟಿಯಾಗುವವರೆಗೆ ಅವರು ಹೊಸ್ತಿಲು ದಾಟುವುದಿಲ್ಲ. ಮುಷ್ಟಿಯಾಗದಿದ್ದರೆ ಮೋಟಾರ್‌ಸೈಕಲ್ಲಿನ ಕ್ಲಚ್ಚು ಹಿಡಿಯಲಾಗದು. ಕ್ಲಚ್ಚು ಹಿಡಿಯಲಾಗದಿದ್ದರೆ, ಗುಡ್ಡದ ಮೇಲಿನ ಮನೆಗಳಲ್ಲಿ ಬರಿಹೊಟ್ಟೆಯಲ್ಲಿ ಕಾದು ಕೂತವರ ರಕ್ತ ಇವತ್ತು ಲ್ಯಾಬು ಸೇರದು. ಅಜ್ಜಿಯರು ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಂದರಲ್ಲಿ ಅಡಗಿರುತ್ತದೆ. ಈ ಹೆಂಗಸಿನ ಬದುಕು ಎಡಗೈಯ ನಾಲ್ಕು ಬೆರಳಿನಲ್ಲಿದೆ. ಅದು ಎಲ್ಲಿದೆ ಎನ್ನುವುದು ಕಾಯಿಲೆಗೆ ಗೊತ್ತಾಗಿಬಿಟ್ಟಿದೆ.

ಕಾಯಿಲೆಯ ಹೆಸರು ಸಂಧಿವಾತ. ರಾತ್ರಿಯೆಲ್ಲ ಕೀಲುಗಳಲ್ಲಿ ಗಂಜಿ ಹಾಕಿ ಒಣಗಿಸಿದಂತೆ ಬಿಗಿಯುತ್ತದೆ, ಬಿಸಿಲೇರಿದ ಮೇಲೆ ಸಡಿಲವಾಗುತ್ತದೆ. ಮಧ್ಯಾಹ್ನ ನೋಡಿದವರಿಗೆ ಇವರ ಕೈಗೆ ಏನೂ ಆಗಿಲ್ಲ ಅನಿಸಬೇಕು. ಆದರೆ ಸೂಜಿಯಕ್ಕನ ಕೆಲಸವಿರುವುದೆಲ್ಲ ಬೆಳಗಿನ ಜಾವದಲ್ಲೇ. ಊಟ ತಿಂಡಿಗೆ ಮೊದಲೇ ರಕ್ತ ತೆಗೆಯಬೇಕು. ಸಕ್ಕರೆ ಕಾಯಿಲೆಯ ಮುದುಕರನ್ನು ಹತ್ತು ಗಂಟೆಯವರೆಗೆ ಉಪವಾಸ ಕೂರಿಸಲಾದೀತೇ?

ಗುಡ್ಡದ ಓಣಿಗಳಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ. ಹಿಂಬದಿಗೆ ಬಿಳಿ ಪೆಟ್ಟಿಗೆ ಕಟ್ಟಿದ ಗಾಡಿಯ ಸದ್ದಾದರೆ ಸಾಕು, "ಸೂಜಿಯಕ್ಕ ಬಂದ್ಲು!" ಎಂದು ಮಕ್ಕಳು ಮಂಚದಡಿ ನುಗ್ಗುತ್ತವೆ. ಲ್ಯಾಬಿನ ವ್ಯಾನು ಆ ಓಣಿಗಳಿಗೆ ಹೋಗುವುದಿಲ್ಲ. ಹೋದರೆ ತಿರುಗಿಸಲು ಜಾಗವಿಲ್ಲ. ಹಾಗಾಗಿ ಹದಿನೈದು ಇಪ್ಪತ್ತು ಮನೆ ಇವರೊಬ್ಬರ ಪಾಲಿಗೇ ಬಿದ್ದಿದೆ. "ನನ್ನ ಕಂಡ್ರೆ ಓಣಿಗೆ ಓಣಿನೇ ಹೆದರತ್ತೆ. ನಾನು ಅವರಿಗಿಂತ ಜಾಸ್ತಿ ಹೆದರ್ಕೊಂಡು ಬಂದಿರ್ತೀನಿ ಅಂತ ಯಾರಿಗ್ ಗೊತ್ತು?" ಎಂದು ನಗುತ್ತಾರೆ.

ಅವರ ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ಮೂರನೇ ತಿರುವಿನಲ್ಲಿರುವ ನಿವೃತ್ತ ಮೇಷ್ಟ್ರು ತೋಳು ಚಾಚುತ್ತಲೇ ಶುರು ಹಚ್ಚುತ್ತಾರೆ: "ಇಷ್ಟು ವರ್ಷ ನನ್ನ ರಕ್ತ ಹೀರಿದ್ಯಲ್ಲ ತಾಯಿ, ಒಂದಿಂಚಾದ್ರೂ ಬೆಳೀಬಾರ್ದಿತ್ತಾ?"

"ನಿಮ್ಮ ರಕ್ತದಲ್ಲಿ ಇರೋದೆಲ್ಲ ಸಕ್ಕರೆ ಮೇಷ್ಟ್ರೇ. ಬೆಳೆದ್ರೆ ಅಗಲಕ್ಕೆ ಬೆಳೀತೀನಿ ಅಷ್ಟೆ."

ಮೇಷ್ಟ್ರು ನಗುವಷ್ಟರಲ್ಲಿ ಸೂಜಿ ಹೊಕ್ಕು ಹೊರಬಂದಿರುತ್ತದೆ. ಸೂಜಿ ಹಿಡಿಯುವುದು ಬಲಗೈ. ಎಡಗೈ ಚರ್ಮವನ್ನು ಎಳೆದು ಹಿಡಿದರಾಯಿತು, ಅಷ್ಟಕ್ಕೆ ಅದು ಇನ್ನೂ ಒಪ್ಪುತ್ತದೆ. ಒಪ್ಪದಿರುವುದು ಕ್ಲಚ್ಚಿಗೆ.

ಮೇಷ್ಟ್ರ ಮನೆ ದಾಟಿದರೆ ನೀರಿನ ಟ್ಯಾಂಕಿನ ಏರು. ಅಲ್ಲಿಗೆ ಬರುತ್ತಿದ್ದಂತೆ ಸೂಜಿಯಕ್ಕನ ಮುಖದ ನಗು ಆರಿಹೋಗುತ್ತದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ತೆರೆದ ಚರಂಡಿ, ಮೇಲೆ ಕಣ್ಣಿಗೆ ಕಾಣದ ತಿರುವು. ಮೇಲಿನಿಂದ ಏನಾದರೂ ಬಂದರೆ ನಡು ಏರಿನಲ್ಲೇ ನಿಲ್ಲಬೇಕು. ಎರಡು ತಿಂಗಳ ಹಿಂದೆ ಹಾಗೆ ನಿಲ್ಲುವಾಗ ಎಡಗಾಲು ನೆಲ ಹುಡುಕುತ್ತಾ ಕೆಳಗಿಳಿಯಿತು. ನೆಲ ಸಿಗಲಿಲ್ಲ. ಅದೇ ಕ್ಷಣಕ್ಕೆ ಎಡಗೈ ಕ್ಲಚ್ಚಿನಿಂದ ಜಾರಿತು. ಗಾಡಿ ಒಮ್ಮೆ ಮುಗ್ಗರಿಸಿ, ಅವರನ್ನೂ ಎಳೆದುಕೊಂಡು ಚರಂಡಿಯ ಅಂಚಿಗೆ ಮಲಗಿತು.

"ಸೈಲೆನ್ಸರ್ ಮೀನಖಂಡಕ್ಕೆ ತಾಗಿ ಸುಡ್ತಾ ಇತ್ತು. ನಾನು ನೋಡಿದ್ದು ಪೆಟ್ಟಿಗೆನ. ಅದರ ಬಾಯಿ ತೆರೆದು, ರಕ್ತದ ಕೊಳವೆಗಳೆಲ್ಲ ಕಲ್ಲಿನ ಮೇಲೆ..." ಎನ್ನುತ್ತಾರೆ. ಆ ಬೆಳಿಗ್ಗೆ ಕುಂಟುತ್ತಲೇ ಮತ್ತೆ ಮನೆಮನೆಗೆ ಹೋದರು. ಒಬ್ಬ ಅಜ್ಜಿಗೆ ನರ ಸಿಗುವುದೇ ಕಷ್ಟ. ಆಗಲೇ ಮೂರು ಸಲ ಚುಚ್ಚಿಸಿಕೊಂಡಿದ್ದ ಆ ಜೀವ, ಇವರನ್ನು ಬಾಗಿಲಲ್ಲಿ ಕಂಡು ಏನೂ ಕೇಳದೆ ಇನ್ನೊಂದು ತೋಳು ಚಾಚಿತಂತೆ. "ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ.

ಅಂದಿನಿಂದ ಭಯ ಇವರ ಹಿಂದಿನ ಸೀಟಿನಲ್ಲಿ ಕೂತೇ ಬರುತ್ತಿದೆ. ಮನೆಯಲ್ಲಿ ಗಂಡನಿಗೂ ಅಷ್ಟೇ. ಅವರು ದರ್ಜಿ. ಹೆಂಡತಿ ಹೊರಟ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ, ಆದರೆ ಗಾಡಿಯ ಸದ್ದು ಟ್ಯಾಂಕಿನ ಏರು ಹತ್ತಿ ಆಚೆ ಇಳಿದದ್ದು ಕಿವಿಗೆ ಬೀಳುವವರೆಗೆ ಪೆಡಲು ತುಳಿಯುವುದಿಲ್ಲ. "ಕೆಲವು ದಿನ ಸದ್ದು ಮಧ್ಯದಲ್ಲಿ ನಿಲ್ಲತ್ತೆ. ದಾರಿ ಬಿಡೋಕೆ ನಿಲ್ಲಿಸಿರ್ತಾಳೆ ಅಂತ ಗೊತ್ತು. ಆದ್ರೂ ಎದ್ದು ಬಾಗಿಲಿಗೆ ಬಂದುಬಿಡ್ತೀನಿ."

ಲ್ಯಾಬಿನ ಮೇಲ್ವಿಚಾರಕಿಯೂ ಕೆಟ್ಟವರಲ್ಲ. "ಅಕ್ಕಾ, ನಿಮಗೇನಾದ್ರೂ ಆದ್ರೆ ನಾನು ಯಾವ ಮುಖ ಹೊತ್ಕೊಂಡು ನಿಮ್ಮನೆಗೆ ಬರ್ಲಿ? ತಿಂಗಳ ಕೊನೆಯೊಳಗೆ ನಿಮ್ಮ ಹಿಡಿತಕ್ಕೆ ಬರೋ ಗಾಡಿ ತಂದು ತೋರ್ಸಿ. ಇಲ್ಲಾಂದ್ರೆ ಗುಡ್ಡದ ಮನೆಗಳನ್ನ ಕೈಬಿಡೋಣ" ಎಂದಿದ್ದಾರೆ. ಕೆಳಗಿನ ಬೀದಿಗಳಿಗೆ ಬೇರೆ ಜನ ಇದ್ದಾರೆ. ಗುಡ್ಡ ಬಿಟ್ಟರೆ ಸೂಜಿಯಕ್ಕನಿಗೆ ಕೆಲಸವೂ ಇಲ್ಲ. ನಡೆಯಲಾಗದ ಆ ಮುದುಕರಿಗೆ ಸೂಜಿಯೂ ಇಲ್ಲ.

ಸ್ಕೂಟರು ತಗೊಳ್ಳಿ ಎಂದು ಹೇಳದವರೇ ಇಲ್ಲ. ತಂಗಿಯ ಸ್ಕೂಟರನ್ನು ಒಂದು ವಾರ ಓಡಿಸಿಯೂ ನೋಡಿದರು. ಓಣಿಯ ಕಿತ್ತುಹೋದ ಕಲ್ಲುಗಳ ನಡುವೆ ಸಣ್ಣ ಚಕ್ರ ಸಿಕ್ಕಿಕೊಂಡು ಹ್ಯಾಂಡಲ್ಲು ತಿರುಚಿದಾಗೆಲ್ಲ ಮಣಿಕಟ್ಟಿನಲ್ಲಿ ಮಿಂಚು ಹೊಡೆದಂತಾಗುತ್ತಿತ್ತು. "ಅದೂ ಅಲ್ದೆ ಎರಡು ಬ್ರೇಕೂ ಕೈಯಲ್ಲೇ. ಕೈನ ನಂಬೋ ಹಾಗಿದ್ರೆ ನಂಗೆ ಇಷ್ಟೆಲ್ಲ ತಾಪತ್ರಯ ಯಾಕೆ? ಮೋಟಾರ್‌ಸೈಕಲ್ಲಾದ್ರೆ ಹಿಂದಿನ ಬ್ರೇಕು ಕಾಲಲ್ಲಿರತ್ತೆ."

ಈಗಿರುವ ಎತ್ತರದ ಗಾಡಿಯನ್ನು ಕೊಂಡದ್ದರಲ್ಲಿ ಒಂದು ತಪ್ಪಾಗಿತ್ತು. ಅಂಥ ತಪ್ಪು ಇಂಥ ಕೈ ಇರುವವರಿಂದ ಮಾತ್ರ ಸಾಧ್ಯ. ಮಧ್ಯಾಹ್ನ ಕೆಲಸ ಮುಗಿಸಿ ಅಂಗಡಿಗೆ ಹೋಗಿದ್ದರು. ಬಿಸಿಲಿಗೆ ಕೀಲೆಲ್ಲ ಬೆಣ್ಣೆಯಾಗಿತ್ತು. ಕ್ಲಚ್ಚು ಒತ್ತಿದರು, ಒತ್ತಿತು. ಕಾಲೆತ್ತಿ ಹಾಕಿದರು, ದಾಟಿತು. ಸಮತಟ್ಟು ಬೀದಿಯಲ್ಲಿ ಒಂದು ಸುತ್ತು ಹೊಡೆದು ಖುಷಿಯಿಂದ ಮನೆಗೆ ತಂದರು. ಮರುದಿನ ಬೆಳಗಿನ ಜಾವ ಅದೇ ಗಾಡಿ ವೇಷ ಕಳಚಿದ ರಾಕ್ಷಸಿಯ ಹಾಗೆ ಅಂಗಳದಲ್ಲಿ ನಿಂತಿತ್ತು.

ಅದನ್ನು ಪಳಗಿಸಲು ಮನೆಯವರು ಮಾಡದ ಸಾಹಸವಿಲ್ಲ. ಗಂಡ ಸೀಟಿನ ಹೊದಿಕೆ ಬಿಚ್ಚಿ, ಒಳಗಿನ ಸ್ಪಂಜು ಕೊರೆದು, ಚೆಂದದ ಹೊಸ ಹೊದಿಕೆ ಹೊಲಿದರು. "ಎಷ್ಟು ಕೊರೆದ್ರು ಅಂದ್ರೆ, ಕೂತ್ರೆ ಕೆಳಗಿನ ಕಬ್ಬಿಣ ಎಣಿಸಬಹುದಿತ್ತು" ಎಂದು ಸೂಜಿಯಕ್ಕ ಛೇಡಿಸುತ್ತಾರೆ. "ಅಳತೆ ಕೊಟ್ಟಿದ್ದು ನೀನೇ" ಎಂದು ಅವರು ಒಳಗಿನಿಂದ ಕೂಗುತ್ತಾರೆ. ಮೆಕ್ಯಾನಿಕ್ಕು ಹಿಂದಿನ ಶಾಕ್ ಅಬ್ಸಾರ್ಬರು ತಗ್ಗಿಸಿಕೊಟ್ಟ. ಗಾಡಿ ತಗ್ಗಿತು, ಆದರೆ ಸೈಡ್ ಸ್ಟ್ಯಾಂಡು ಅಷ್ಟೇ ಉದ್ದ ಉಳಿದು ಗಾಡಿ ವಾಲದೆ ನೆಟ್ಟಗೆ ನಿಂತು, ಯಾರೂ ಮುಟ್ಟದೆ ಆಚೆ ಬದಿಗೆ ದಬಕ್ಕನೆ ಬಿತ್ತು.

ಆದ್ದರಿಂದ ಈ ಸಲ ಸೂಜಿಯಕ್ಕ ಹಳೆ ಗಾಡಿಗಳ ವ್ಯಾಪಾರಿಗೆ ಒಂದೇ ಷರತ್ತು ಹಾಕಿದ್ದಾರೆ: ಅಂಗಡಿಯನ್ನು ಬೆಳಗಿನ ಜಾವ ತೆರೆಯಬೇಕು. ಲ್ಯಾಬಿಗೆ ರಜೆಯಿರುವ ಈ ದಿನ, ಮಂಜು ಇನ್ನೂ ಬೀದಿದೀಪಕ್ಕೆ ಜೋತುಬಿದ್ದಿರುವಾಗ ಗಂಡ ಹೆಂಡತಿ ಅಂಗಡಿಯ ಮುಂದೆ ನಿಂತಿದ್ದಾರೆ. ಮನೆಯಲ್ಲಿ ಇವತ್ತು ಬಿಸಿನೀರು ಕಾಯಿಸಿಲ್ಲ. "ಕೆಟ್ಟ ಕೈಯೇ ಬರ್ಲಿ. ಅದೇ ಆರಿಸ್ಲಿ" ಎನ್ನುತ್ತಾರೆ. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಾರೆ. ತಿಂಗಳು ಮುಗಿಯುತ್ತ ಬಂದಿದೆ.

ವ್ಯಾಪಾರಿ ಕಿವಿಗೆ ಮಫ್ಲರು ಬಿಗಿದುಕೊಂಡು ಶಟರು ಎತ್ತುತ್ತಾನೆ. "ಅಕ್ಕಾ, ಗಾಡಿ ನೋಡೋಕೆ ಬಂದಿದ್ದೀರೋ, ಕದಿಯೋಕೋ?"

"ಒಳ್ಳೇದಿದ್ರೆ ನೋಡ್ತೀನಿ. ಕದಿಯೋ ಅಂಥದ್ದು ನಿನ್ ಹತ್ರ ಏನಿದೆ?"

ಅವನು ಮೊದಲು ತೋರಿಸುವುದು ನೆಲಕ್ಕಂಟಿದಂಥ ದಪ್ಪ ಗಾಡಿ. ಸೂಜಿಯಕ್ಕ ಕೂರುತ್ತಾರೆ. ಎರಡೂ ಪಾದ ಪೂರ್ತಿ ನೆಲಕ್ಕೆ! ಗಂಡನ ಮುಖ ಅರಳುತ್ತದೆ. "ಸೋಫಾ ಅಕ್ಕಾ, ಸೋಫಾ" ಎನ್ನುತ್ತಾನೆ ವ್ಯಾಪಾರಿ. ಆದರೆ ಸ್ಟ್ಯಾಂಡಿನಿಂದ ಅದನ್ನು ನೇರ ಮಾಡಲು ಹೋದರೆ ಗಾಡಿ ಅಲುಗುವುದಿಲ್ಲ. ಇನ್ನೊಮ್ಮೆ ಉಸಿರು ಬಿಗಿಹಿಡಿದು ನೂಕುತ್ತಾರೆ. ಮಣಿಕಟ್ಟು ಕಟಕ್ಕೆನ್ನುತ್ತದೆ. "ಸೋಫಾ ಸರಿ. ದಿನಾ ಬೆಳಿಗ್ಗೆ ಅದನ್ನ ಎತ್ತಿ ನಿಲ್ಲಿಸೋರು ಯಾರು?"

ಎರಡನೆಯದು ಹಗುರ. ಸೀಟಿನ ಮುಂಭಾಗ ಸಪೂರ, ಹಾಗಾಗಿ ತೊಡೆ ಅಗಲವಾಗದೆ ಕಾಲು ಸಲೀಸಾಗಿ ಕೆಳಗಿಳಿಯುತ್ತದೆ. ಹ್ಯಾಂಡಲ್ಲಿಗೆ ಬಾಗಬೇಕಿಲ್ಲ, ಬೆನ್ನು ನೆಟ್ಟಗೆ. ಎಲ್ಲ ಸರಿ. ಎಡಗೈ ಕ್ಲಚ್ಚಿಗೆ ಹೋಗುತ್ತದೆ. ಬೆರಳು ಅದರ ಮೇಲೆ ಕೂರುತ್ತವೆ, ಬಗ್ಗುವುದಿಲ್ಲ. ಅರ್ಧ ಬಗ್ಗಿದ್ದು ಹಾಗೇ ವಾಪಸಾಗುತ್ತದೆ. ಸೂಜಿಯಕ್ಕನ ಕಣ್ಣಲ್ಲಿ ನೀರು ನಿಂತಿದೆ. ನೋವಿಗಿಂತ ಹೆಚ್ಚಾಗಿ, ಮುಂದೇನು ಎನ್ನುವ ದಿಗಿಲಿಗೆ.

"ಆ ಮೂಲೇಲಿರೋದು?" ಗಂಡ ಕೇಳುತ್ತಾರೆ.

"ಅಯ್ಯೋ ಅದು ಬೇಡ ಅಣ್ಣಾ. ಮೊಟ್ಟೆ ಮಾರೋನ ಗಾಡಿ. ಅಕ್ಕ ಅದ್ರಲ್ಲಿ ಹೋದ್ರೆ ಜನ ಡಜನ್‌ಗೆ ಎಷ್ಟು ಅಂತಾರೆ."

ಹಳೆ ಟಯರುಗಳ ಹಿಂದಿನಿಂದ ಅದು ಹೊರಬರುತ್ತದೆ. ಮೋಟಾರ್‌ಸೈಕಲ್ಲಿನಂಥ ದೊಡ್ಡ ಚಕ್ರ, ಕಾಲಿನ ಗೇರು, ಕಾಲಿನ ಬ್ರೇಕು. ಆದರೆ ಮುಂದೆ ಪೆಟ್ರೋಲ್ ಟ್ಯಾಂಕಿನ ಗೂನಿಲ್ಲ, ಟ್ಯಾಂಕು ಸೀಟಿನಡಿ. ಹಿಂದಿನ ಪೆಟ್ಟಿಗೆಯ ಮೇಲೆ ಕಾಲು ಹಾರಿಸುವ ಕಷ್ಟವಿಲ್ಲ, ನಡುವೆಯೇ ಕಾಲು ದಾಟಿಸಬಹುದು. ಸೂಜಿಯಕ್ಕ ಎಡಹಿಡಿಕೆಯನ್ನು ಎರಡೆರಡು ಸಲ ನೋಡುತ್ತಾರೆ. ಅಲ್ಲಿ ಹಿಡಿಯಲು ಏನೂ ಇಲ್ಲ.

"ಕ್ಲಚ್ ಎಲ್ಲಪ್ಪಾ? ಮುರಿದುಹೋಯ್ತಾ?"

"ಇದಕ್ಕೆ ಕೈಕ್ಲಚ್ಚೇ ಇಲ್ಲಕ್ಕಾ. ಕಾಲಲ್ಲಿ ಗೇರ್ ಒತ್ತಿದ್ರೆ ಅದೇ ನೋಡ್ಕೊಳತ್ತೆ. ಒಂದು ಕೈಲಿ ಮೊಟ್ಟೆ ಟ್ರೇ ಹಿಡ್ಕೊಂಡೇ ಓಡಿಸ್ತಿದ್ದ ಪುಣ್ಯಾತ್ಮ."

ಕಿಕ್ ಹೊಡೆಯಬೇಕಿಲ್ಲ, ಗುಂಡಿ ಒತ್ತಿದರೆ ಸಾಕು. ಆದರೂ ಸೂಜಿಯಕ್ಕ ಹ್ಞೂಂ ಎನ್ನುವುದಿಲ್ಲ. ಅಂಗಡಿಯ ನೆಲ ಸಮತಟ್ಟು. ಅವರ ಭಯವಿರುವುದು ನೀರಿನ ಟ್ಯಾಂಕಿನ ಏರಿನಲ್ಲಿ.

ಆ ಏರಿನ ಬುಡಕ್ಕೆ ಮೂವರೂ ಬರುವಾಗ ಕಲ್ಲುಗಳೆಲ್ಲ ಇಬ್ಬನಿಗೆ ಒದ್ದೆ. ಸೂಜಿಯಕ್ಕ ಮೇಲೆ ನೋಡುತ್ತಾರೆ. ಗೇರು ಒತ್ತಿ ಹೊರಡುತ್ತಾರೆ. ಗಂಡ ಅಂಬೆಗಾಲಿನ ಮಗುವಿನ ಹಿಂದೆ ಹೋಗುವಂತೆ ಎರಡೂ ಕೈ ಚಾಚಿ ಹಿಂದೆಯೇ ಓಡುತ್ತಾರೆ. "ಹಿಂದೆ ಬರ್ಬೇಡ್ರೀ! ಬಿದ್ರೆ ನಿಮ್ಮೇಲೇ ಬೀಳ್ತೀನಿ!"

"ಬೀಳು, ಪರ್ವಾಗಿಲ್ಲ!"

ನಡು ಏರು ತಲುಪುವಷ್ಟರಲ್ಲಿ ಮೇಲಿನ ತಿರುವಿನಲ್ಲಿ ಬೆಳಕು ಹರಿಯುತ್ತದೆ. ಗ್ಯಾಸಿನ ಸಿಲಿಂಡರು ತುಂಬಿದ ಟೆಂಪೊ ಇಳಿದು ಬರುತ್ತಿದೆ. ಗಂಡ ಗೋಡೆಗೆ ಒತ್ತಿಕೊಳ್ಳುತ್ತಾರೆ. ಗಾಡಿ ಗೋಡೆಯತ್ತ ಸರಿಯುತ್ತದೆ. ಬಲಗಾಲು ಬ್ರೇಕು ತುಳಿಯುತ್ತದೆ. ಎಡಗಾಲು ಕೆಳಗಿಳಿಯುತ್ತದೆ, ಇನ್ನೂ ಇಳಿಯುತ್ತದೆ, ಚಪ್ಪಲಿಯ ಅಡಿ ಕಲ್ಲಿಗೆ ಊರುತ್ತದೆ. ಹಿಮ್ಮಡಿಯೂ ಊರುತ್ತದೆ. ಟೆಂಪೊ ಕನ್ನಡಿ ಸವರುವಷ್ಟು ಹತ್ತಿರದಿಂದ ಸಿಲಿಂಡರುಗಳನ್ನು ಕುಲುಕಿಸುತ್ತಾ ಹೋಗುತ್ತದೆ. ಗಾಡಿ ಕದಲುವುದಿಲ್ಲ. ಎಡಗೈ ಹಿಡಿಕೆಯ ಮೇಲೆ ಸುಮ್ಮನೆ ಒರಗಿದೆ, ಅದಕ್ಕೆ ಮಾಡಲು ಏನೂ ಕೆಲಸವಿಲ್ಲ.

ತುದಿ ಮುಟ್ಟಿ, ತಿರುಗಿಸಿಕೊಂಡು ಇಳಿದು ಬಂದ ಸೂಜಿಯಕ್ಕನ ತುಟಿ ಬೆಳ್ಳಗಾಗಿದೆ. "ಭಯ ಹೋಯ್ತಾ?" ಎಂದು ವ್ಯಾಪಾರಿ ಕೇಳಿದರೆ ತಲೆಯಾಡಿಸುತ್ತಾರೆ. "ಇಲ್ಲಪ್ಪ. ಮೊದ್ಲು ಕೈಯಲ್ಲಿತ್ತು, ಈಗ ಹೊಟ್ಟೆಗಿಳಿದಿದೆ. ಹೊಟ್ಟೇಲಿದ್ರೆ ಇಟ್ಕೊಂಡು ಓಡಿಸಬಹುದು."

ದರ್ಜಿ ಬೆರಳಿನಿಂದ ಸೀಟು ಒತ್ತಿ ನೋಡುತ್ತಾರೆ. "ಒಂಚೂರು ಕೊರೀಲಾ?"

"ಕತ್ತರಿ ಹತ್ರ ತಂದ್ರೆ ನೋಡಿ!"

ವ್ಯಾಪಾರಿ ಕೀಲಿಕೈ ಕೊಡುತ್ತಾನೆ. ಅದನ್ನು ತೆಗೆದುಕೊಳ್ಳುವಾಗ ಸೂಜಿಯಕ್ಕ ಬಲಗೈಯ ಹೆಬ್ಬೆರಳನ್ನು ತುಸು ಉಜ್ಜಿಕೊಳ್ಳುತ್ತಾರೆ. ಗಂಡ ನೋಡದಿರಲಿ ಎಂಬಂತೆ ಬೇಗ ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಾರೆ. ಮುಂದೆ ಬಲಗೈಗೂ ಬರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಆಕ್ಸಲರೇಟರು ಇರುವುದು ಆ ಕೈಯಲ್ಲಿ. ಸೂಜಿಯೂ ಆ ಕೈಯಲ್ಲೇ. ಗಂಡ ನೋಡಿಯೇ ಇದ್ದಾರೆ. ಹೋಗಿ, ಅಗತ್ಯವಿಲ್ಲದಿದ್ದರೂ, ಗಾಡಿಯ ಧೂಳು ಒರೆಸತೊಡಗುತ್ತಾರೆ.

ಇನ್ನೆಷ್ಟು ವರ್ಷ ಗುಡ್ಡ ಹತ್ತುತ್ತೀರಿ ಎಂಬ ವ್ಯಾಪಾರಿಯ ಪ್ರಶ್ನೆಗೆ ಸೂಜಿಯಕ್ಕ ಏರಿನ ಕಡೆ ನೋಡುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಇದು ಹಳೇ ಗಾಡಿ, ನಾನೂ ಹಳೇ ಗಾಡಿನೇ. ಮೂಲೆ ಸೇರೋ ಕಾಲ ಬಂದಾಗ, ಅದು ಮೊದ್ಲು ಸೇರ್ಲಿ."