ಹೆಚ್ಚಿಗೆ ಬೇಯಿಸಿದ ಅನ್ನ

ಜಗಳೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಪೋಸ್ಟ್‌ಮ್ಯಾನ್ ಬಂದರೆ ಬೇರೆ ಮನೆಯವರಿಗೆ ಖುಷಿ, ನನಗೆ ಮಾತ್ರ ಎದೆ ಡವಡವ. ಎಪ್ಪತ್ತರ ದಶಕದ ಕೊನೆಯ ದಿನಗಳವು. ಅಣ್ಣ ಮಿಲಿಟರಿ ಸೇರಿ ಈಶಾನ್ಯದ ಗುಡ್ಡಗಾಡಿಗೆ ಹೋಗಿದ್ದ. ಅಲ್ಲಿ ನಮ್ಮದೇ ದೇಶದ ಹುಡುಗರು ಬಂದೂಕು ಹಿಡಿದು ಕಾಡು ಸೇರಿದ್ದರು. ಅವರನ್ನು ಹಿಡಿಯುವುದು ಅಣ್ಣನ ಕೆಲಸ. ಚಹಾದಂಗಡಿಯಲ್ಲಿ ರೇಡಿಯೊ ಕೇಳುವ ಗಂಡಸರು, "ಎಲ್ಲಾರ್ನೂ ಸಾಲಾಗಿ ನಿಲ್ಸಿ ಗುಂಡು ಹೊಡೀಬೇಕು ನೋಡ್ರಿ" ಎಂದು ಬೀಡಿ ಹಚ್ಚುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವರ ಮನೆಯ ಹುಡುಗ ಒಬ್ಬನೂ ಅಲ್ಲಿರಲಿಲ್ಲ.

ಅಣ್ಣ ರಜೆಗೆ ಬಂದ. ತಟ್ಟೆ ಬಿದ್ದರೂ ಬೆಚ್ಚುತ್ತಿದ್ದ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಲೇ ಇರಲಿಲ್ಲ. ಅವನನ್ನು ನೋಡಿ ನನ್ನ ಹೆದರಿಕೆ ಇಮ್ಮಡಿಯಾಯಿತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವ್ವ ಮುದ್ದೆ ಕಟ್ಟುತ್ತಿದ್ದಳು. ತಲೆ ಎಣಿಸಿ ಮುದ್ದೆ ಕಟ್ಟಬಾರದು ಎಂಬುದು ನಮ್ಮ ಮನೆಯ ರೂಢಿ. ಹಸಿದವರು ಯಾರಾದರೂ ಬಂದಾರು ಎಂದು ಒಂದೆರಡು ಹೆಚ್ಚಿಗೆ ಇರಲೇಬೇಕು. ಅಣ್ಣ ಉಣ್ಣುವುದನ್ನು ಬಿಟ್ಟು ಆ ಮುದ್ದೆಗಳನ್ನೇ ನೋಡಿದ.

"ಇವು ಯಾರಿಗವ್ವಾ?"

"ಹಿಂಗ್ಯಾಕೆ ಕೇಳ್ತೀಯೋ? ಬಂದೋರಿಗೆ."

ಆಗ ಹೇಳಿದ. ಅಲ್ಲಿ ಮನೆ ಶೋಧಿಸುವಾಗ ಅನ್ನದ ಪಾತ್ರೆಯನ್ನೂ ತೆರೆದು ನೋಡುತ್ತಿದ್ದರಂತೆ. ಮನೆಮಂದಿಗಿಂತ ಅನ್ನ ಹೆಚ್ಚಿದ್ದರೆ ಅದು ಕಾಡಿನವರಿಗೆ ಬೇಯಿಸಿದ್ದು ಎಂದೇ ಲೆಕ್ಕ. ಒಬ್ಬ ಹೆಂಗಸಿನ ಮನೆಯಲ್ಲಿ ಹಾಗೆ ಸಿಕ್ಕಿತು. ಬಂದವರಿಗೆ ಇರಲಿ ಅಂತ ಇಟ್ಟಿದ್ದು ಎಂದು ಆಕೆ ಅತ್ತಳು. ಅಣ್ಣನ ಜೊತೆಯವರು ಆಕೆಯನ್ನು ಹೊಡೆದರು.

"ಆಕೆ ಹೇಳಿದ್ದು ನಿಜ ಅಂತ ನಂಗೆ ಗೊತ್ತಾತು. ಬಾಯೇ ಬರ್ಲಿಲ್ಲ. ಬಂದೂಕು ಹಿಡ್ಕಂಡು ಬಾಗ್ಲಾಗೆ ನಿಂತಿದ್ದೆ. ಆಕೆ ಮಗ, ಹೊಲ ಗೇಯೋ ಹುಡುಗ, ನನ್ ಮುಖಾನೇ ನೋಡ್ತಿದ್ದ. ಆ ವಾರದಾಗೇ ಕಾಡಿಗೆ ಹೋದ."

ಅಲ್ಲಿಯವರೆಗೆ ಆ ಊರಿನಿಂದ ಯಾರೂ ಕಾಡಿಗೆ ಹೋಗಿರಲಿಲ್ಲವಂತೆ. ಅವನ ಹಿಂದೆ ಗೆಳೆಯರೂ ಹೋದರು. ತಮ್ಮ ಮಕ್ಕಳೇ ಅಲ್ಲಿರುವಾಗ ಇನ್ನೇನು, ಈಗ ಊರಿಗೆ ಊರೇ ಕಾಡಿನವರಿಗೆ ಬೇಯಿಸಿ ಕಳಿಸುತ್ತದೆ.

ಅಣ್ಣನ ಮುಖ ಬಲ್ಲವನೊಬ್ಬ ಬಂದೂಕು ಹಿಡಿದು ಅಲ್ಲಿ ಕಾಯುತ್ತಿದ್ದಾನೆ, ನಾಳೆ ಇವನು ಅಲ್ಲಿಗೇ ಹೋಗಬೇಕು. "ಆ ಹುಡುಗ ಸತ್ರೆ ಸಾಕಪ್ಪಾ ದೇವ್ರೇ" ಎಂದುಬಿಟ್ಟೆ.

"ಬಾಯಿ ಮುಚ್ಚೇ!" ಅವ್ವ ಗದರಿದಳು. "ಅವರವ್ವನ್ನ ಹೊಡ್ದಾರೆ." ಆಮೇಲೆ ಅಣ್ಣನ ಕಡೆ ತಿರುಗಿದಳು. "ನನ್ನ ಹಂಗೆ ಹೊಡ್ದಿದ್ರೆ ನೀನೇನ್ ಮಾಡ್ತಿದ್ದೆ?"

ಅಣ್ಣ ಯೋಚಿಸಲೂ ಇಲ್ಲ. "ಬಂದೂಕು ಎಲ್ಲಿ ಸಿಗ್ತೈತೆ ಅಂತ ಹುಡುಕ್ತಿದ್ದೆ" ಎಂದ.

ಮರುದಿನ ಬೆಳಿಗ್ಗೆ ಅಣ್ಣ ದಾವಣಗೆರೆ ಬಸ್ಸು ಹತ್ತಿದ, ಆ ಹುಡುಗನನ್ನು ಹುಡುಕುವುದಕ್ಕೆ.