ಕರಿ ಅರಿವಿಯ ಮೇಲೆ ಕಂಡ ನವಿಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಜಯಪುರದ ಜೋರಾಪುರ ಪೇಟೆಯ ಚಿಕ್ಕ ಮನೆಯೊಂದರಲ್ಲಿ ಚಂದ್ರಕಲಾ ಹಳೆಯ ಸ್ಕ್ಯಾನರಿನ ಗಾಜು ಒರೆಸುತ್ತಿದ್ದಾರೆ. ಒರೆಸಿ, ಬಾಗಿ ನೋಡಿ, ಮತ್ತೆ ಒರೆಸುತ್ತಾರೆ. ಹಾಲಿನವರು ಬರುವುದರೊಳಗೆ ಐದು ಹಾಳೆ ಮುಗಿಯಬೇಕು. ಗಿರಾಕಿಗಳು ಬರತೊಡಗಿದರೆ ಉಸಿರು ಬಿಡಲೂ ಪುರುಸೊತ್ತಿಲ್ಲ.

ಕಸೂತಿಗೆ ಮೊದಲಿನ ಕೆಲಸ ಅವರದು. ಹಾಳೆಯ ಮೇಲೆ ಪೆನ್ಸಿಲಿನಿಂದ ನವಿಲು, ಬಳ್ಳಿ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿ ಉಜ್ಜಿದರೆ ಚಿತ್ರ ಬಟ್ಟೆಗೆ ಇಳಿಯುತ್ತದೆ. ದಿನಕ್ಕೆ ಹದಿನೈದು ಜಂಪರು. ತಿಕೋಟಾ, ಬಬಲೇಶ್ವರದ ಮದುವೆಮನೆಗಳಲ್ಲಿ ಆ ನವಿಲನ್ನು ಎಲ್ಲರೂ ಹೊಗಳುತ್ತಾರೆ, ಬರೆದವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ.

ಚಂದ್ರಕಲಾಗೆ ಅದರ ಬೇಸರವೇನಿಲ್ಲ. ಗಂಡ ತೀರಿಕೊಂಡ ವರ್ಷ ದಿಕ್ಕು ತೋಚದೆ ಕುಳಿತಿದ್ದಾಗ ನೆರೆಮನೆಯ ಗುರುಬಾಯಿ ಕೈಗೆ ಸೂಜಿ ಕೊಟ್ಟು ಕೆಲಸ ಕಲಿಸಿದರು. ಕಣ್ಣು ಮಂದವಾಗಿ ಮಮದಾಪುರದ ಮಗಳ ಮನೆಗೆ ಹೊರಟಾಗ ತಮ್ಮ ಮುನ್ನೂರು ನಮೂನೆಗಳನ್ನೂ ಕೊಟ್ಟರು. "ಆಯಿ ಕೊಟ್ಟಿದ್ದು ಹಾಳಿ ಅಲ್ರಿ, ಅನ್ನ," ಎನ್ನುತ್ತಾರೆ ಚಂದ್ರಕಲಾ.

ಆ ಹಾಳೆಗಳು ಈಗ ಪುಡಿಯಾಗುತ್ತಿವೆ. ಮೊಬೈಲಿನಲ್ಲಿ ಫೋಟೊ ತೆಗೆದು ಅಚ್ಚು ಹಾಕಿಸಿದರೆ ಅಂಚು ಸೊಟ್ಟಗಾಗಿ, ಜಂಪರಿನ ಕೊರಳಿನ ಎಡಕ್ಕೂ ಬಲಕ್ಕೂ ತಾಳೆಯಾಗಲಿಲ್ಲ. ಕಡಿಮೆ ಬೆಲೆಯ ಸ್ಕ್ಯಾನರ್ ಹುಡುಕುತ್ತ ಗಾಂಧಿ ಚೌಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಿವಾಜಿಯ ಅಂಗಡಿಗೆ ಹೋದರು. ಅವರು ಮೊದಲು ತೋರಿಸಿದ್ದು ಕಾಗದವನ್ನು ಒಳಗೆಳೆದುಕೊಳ್ಳುವ ಯಂತ್ರ.

"ಇದು ಬ್ಯಾಡ್ರಿ ಅಣ್ಣಾರ. ನನ್ನ ಹಾಳಿ ಹಪ್ಪಳ ಆಗ್ಯಾವ, ಎಳದ್ರ ಮುರೀತಾವ."

ಶಿವಾಜಿ ಅಟ್ಟದಿಂದ ಗಾಜಿನ ಹಾಸಿನ ಹಳೆಯ ಸ್ಕ್ಯಾನರ್ ಇಳಿಸಿದರು. ನವಿಲಿನ ಹಾಳೆಯಿಟ್ಟು ನೋಡಿದರೆ ಪರದೆ ಖಾಲಿ. ಪುಡಿ ಉಜ್ಜಿ ಉಜ್ಜಿ ಪೆನ್ಸಿಲ್ ಗೆರೆ ಅಳಿಸಿಹೋಗಿ, ಬರೀ ತೂತು ಉಳಿದಿದ್ದವು.

"ತುಟ್ಟೀದು ತಗೊಂಡ್ರೂ ಇಷ್ಟರಿ ಅಕ್ಕಾರ," ಎಂದರು ಶಿವಾಜಿ.

ಚಂದ್ರಕಲಾ ಚೀಲದಿಂದ ಗಿರಾಕಿಯ ಕರಿ ಜಂಪರಿನ ಬಟ್ಟೆ ತೆಗೆದು ಹಾಳೆಯ ಬೆನ್ನಿಗೆ ಹಾಸಿದರು. ಈ ಸಲ ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ನವಿಲು ಮೂಡಿತು. "ಬಿಳಿ ಅರಿವಿ ಮ್ಯಾಲಿಟ್ರ ನನ್ನ ಕಣ್ಣಿಗೂ ತೂತು ಕಾಣಂಗಿಲ್ರಿ. ಮಷೀನಿನ ಮುಚ್ಚಳಾನೂ ಬಿಳೀದ ಇತ್ತಲ್ರಿ," ಎಂದು ಈಗ ನಗುತ್ತಾರೆ. ಶಿವಾಜಿ ಹೊಸದರ ಅರ್ಧಕ್ಕಿಂತ ಕಡಿಮೆಗೆ ಅದನ್ನು ಕೊಟ್ಟು, ಬಸ್ಸಿನವರೆಗೆ ತಾವೇ ಹೊತ್ತು ತಂದರು. ಆ ಉಪಕಾರವನ್ನೂ ಚಂದ್ರಕಲಾ ನೆನೆಯುತ್ತಾರೆ.

ಆ ನವಿಲಿನ ಮೊದಲ ಅಚ್ಚು ಹಿಡಿದು ಮಮದಾಪುರಕ್ಕೆ ಹೋದರು. ಗುರುಬಾಯಿಗೆ ಈಗ ಏನೂ ಕಾಣುವುದಿಲ್ಲ. ಹಾಳೆಯ ಮೇಲೆ ಕೈಯಾಡಿಸಿ, "ಏನೂ ಇಲ್ಲಲ್ಲ ಬೇ, ಬರೇ ಹಾಳಿ," ಎಂದರು.

ಚಂದ್ರಕಲಾ ಅಲ್ಲೇ ಕುಳಿತು, ಚುಕ್ಕೆಗಳ ಮೇಲೆ ಒಂದೊಂದಾಗಿ ಸೂಜಿ ಚುಚ್ಚಿ ಮರಳಿ ಕೊಟ್ಟರು. ಮುದುಕಿಯ ಬೆರಳು ಕೊರಳಿನಿಂದ ಗರಿಗೆ, ಗರಿಯಿಂದ ಕಾಲಿಗೆ ಇಳಿದು ನಿಂತಿತು.

"ಎಡಗಾಲಿಗೆ ಒಂದು ಬಟ್ಟ ಕಡಿಮಿ ಐತಿ. ಅವಸರದಾಗ ಬಿಟ್ಟಿದ್ದೆ. ಇದು ನಂದ ನವಿಲು."

ಇನ್ನೂರು ಹಾಳೆ ಬಾಕಿ ಇವೆ. ಅವು ಮುಗಿಯುವವರೆಗೆ ಆಯಿ ಇರಲಿ ಎನ್ನುವುದೊಂದೇ ಚಂದ್ರಕಲಾ ಅವರ ಆಸೆ. ನವಿಲಿನ ಕಾಲಿಗೆ ಆ ಬಿಟ್ಟುಹೋದ ಬೆರಳನ್ನು ಈಗಲಾದರೂ ಸೇರಿಸಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ.

"ಬ್ಯಾಡ್ರಿ. ಅದನ್ನ ತಿದ್ದಿದ್ರ ಆಯಿಗೆ ಗುರ್ತ ಸಿಗಂಗಿಲ್ಲ."