ಟೈಪಿಂಗ್ ಮೇಡಂ ಏಣಿ ಹತ್ತಿದ್ದು

ತಿಪಟೂರಿನಲ್ಲಿ ಹದಿನೆಂಟು ವರ್ಷ ಟೈಪಿಂಗ್ ಕಲಿಸಿದ ಶಶಿರೇಖಾ ನಲವತ್ತೊಂದನೇ ವಯಸ್ಸಿನಲ್ಲಿ ಕಂಪ್ಯೂಟರ್ ನೆಟ್‌ವರ್ಕಿಂಗ್ ಪರೀಕ್ಷೆ ಪಾಸು ಮಾಡಿದರು. ಅದು 2005ನೇ ಇಸವಿ. ಅಷ್ಟು ಹೊತ್ತಿಗೆ ಅವರ ಹತ್ತು ಟೈಪ್‌ರೈಟರುಗಳ ಮುಂದೆ ಕೂರಲು ಇಬ್ಬರೇ ಬರುತ್ತಿದ್ದರು. ಅವರಲ್ಲೂ ಒಬ್ಬಳು ಮದುವೆ ಗೊತ್ತಾಗುವ ತನಕ ಹೊತ್ತು ಕಳೆಯಲು ಬರುವವಳು.

ಒಮ್ಮೆ ಫೇಲಾಗಿ, ಹಟ ಹಿಡಿದು ಓದಿ, ಬೆಂಗಳೂರಿಗೆ ಹೋಗಿ ಮತ್ತೆ ಬರೆದದ್ದೇನೋ ಆಯಿತು. ಪಾಸಾದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದ ಗಂಡ ತೋಂಟದಾರ್ಯ, “ಬಿಸಿ ಆರೋದ್ರೊಳಗೆ ಮುಂದಿನ ಪರೀಕ್ಷೇನೂ ಬರ್ದು ಬುಡು ಕಣೇ,” ಅಂದರು. ಪಕ್ಕದ ಮನೆಯ ರಂಗಕ್ಕ, “ನಮ್ ಟೀವೀಲಿ ಚಿತ್ರ ಬತ್ತೈತೆ, ದನಿ ಬರಾಕಿಲ್ಲ, ಒಂಚೂರು ನೋಡವ್ವ,” ಅಂದಳು. ಹೊಸ ಕಂಪ್ಯೂಟರ್ ಸೆಂಟರಿನವರು ಪಾಠ ಮಾಡಲು ಕರೆದರು. ಅವರ ಕುರ್ಚಿ, ಕರಿಹಲಗೆ ನೋಡಿದ್ದೇ ಶಶಿರೇಖಾಗೆ ಆಕಳಿಕೆ ಬಂತು.

ಕೊನೆಗೆ ತುಮಕೂರಿನ ಒಂದು ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಒಳಗೆ ಕಾಲಿಟ್ಟರೆ ಮೇಜಿನ ಹಿಂದಿದ್ದ ಅಧಿಕಾರಿ ದಡಕ್ಕನೆ ಎದ್ದು ನಿಂತ. ಹುಳಿಯಾರು ಕಡೆಯ ಚಿತ್ತೇಶ. ಹತ್ತು ವರ್ಷದ ಹಿಂದೆ ಅವರ ಬಳಿಯೇ ಟೈಪಿಂಗ್ ಕಲಿತವನು.

“ಕೂತ್ಕೊಳ್ಳಪ್ಪ. ಇಂಟರ್‌ವ್ಯೂ ನಂದು,” ಅಂದರು ಶಶಿರೇಖಾ.

“ನಿಮ್ಗೆ ನಾನೇನ್ ಕೇಳ್ಲಿ ಮೇಡಂ?”

“ಬೇರೆಯವ್ರಿಗೆ ಏನ್ ಕೇಳ್ತೀಯೋ ಅದನ್ನೇ ಕೇಳು.”

ಒಂದೇ ರೂಮಿನ ಎರಡು ಕಂಪ್ಯೂಟರಿಗೆ ಸಂಪರ್ಕ ಸಿಗುತ್ತಿಲ್ಲ, ಮೊದಲು ಏನು ನೋಡುತ್ತೀರಿ ಎಂದು ಅವನು ಕೇಳಿದ.

“ವೈರ್ ಸರ್ಯಾಗಿ ಸಿಕ್ಸವ್ರಾ ಅಂತ ನೋಡ್ತೀನಿ. ಮಿಕ್ಕ ವಿದ್ಯೆ ಎಲ್ಲ ಆಮೇಲೆ.”

ಚಿತ್ತೇಶನಿಗೆ ನಗು ಬಂತು. ಬೆಳಗಿನಿಂದ ಬಂದ ನಾಲ್ವರಲ್ಲಿ ಒಬ್ಬನೂ ಹೀಗೆ ಹೇಳಿರಲಿಲ್ಲ. ಉತ್ತರವನ್ನು ಮುಂದಿದ್ದ ಕಂಪ್ಯೂಟರಿಗೆ ಎರಡೇ ಬೆರಳಿನಲ್ಲಿ ಕುಟ್ಟತೊಡಗಿದ. ಮೂರು ಪ್ರಶ್ನೆಯವರೆಗೆ ಶಶಿರೇಖಾ ಸಹಿಸಿದರು. ನಾಲ್ಕನೆಯದಕ್ಕೆ ತಡೆಯಲಾಗಲಿಲ್ಲ.

“ಚಿತ್ತೇಶ, ಕಿರುಬೆರಳು ಎಲ್ಲಿಟ್ಟಿದೀಯ?”

ಅವನ ಹತ್ತೂ ಬೆರಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಪಕ್ಕದಲ್ಲಿದ್ದ ಇನ್ನೊಬ್ಬ ಅಧಿಕಾರಿ ಮೆಲ್ಲಗೆ ತಮ್ಮ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡರು.

ಕೆಲಸ ಎರಡಿದ್ದವು. ಒಂದು, ತುಮಕೂರಿನಲ್ಲೇ ಕೂತು ದೂರು ಹೇಳುವವರ ಫೋನ್ ಎತ್ತುವುದು. ಇನ್ನೊಂದು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿ ಅಂಗಡಿ, ಕಚೇರಿಗಳಲ್ಲಿ ವೈರ್ ಎಳೆದು ಕಂಪ್ಯೂಟರ್ ಜೋಡಿಸುವುದು.

“ಅದು ಬಿಸಿಲು, ಧೂಳು, ಏಣಿ ಹತ್ಬೇಕು ಮೇಡಂ. ನಿಮ್ಗೆ ಫೋನಿನ ಕೆಲ್ಸಾನೇ ಸರಿ,” ಅಂದ ಚಿತ್ತೇಶ. ಎರಡು ದಿನದಲ್ಲಿ ತಿಳಿಸುವುದಾಗಿ ಹೇಳಿ ಶಶಿರೇಖಾ ರೈಲು ಹತ್ತಿದರು.

ಮನೆಯಲ್ಲಿ ತೋಂಟದಾರ್ಯರೂ ಅದನ್ನೇ ಅಂದರು. “ಫ್ಯಾನ್ ಕೆಳ್ಗೆ ಕೂರೋ ಕೆಲ್ಸ ಬುಟ್ಟು ಏಣಿ ಹತ್ತೀನಿ ಅಂತೀಯಲ್ಲೇ!”

“ಹದಿನೆಂಟು ವರ್ಷ ಕೂತಿದೀನಿ ಕಣ್ರೀ. ಸೊಂಟಕ್ಕೇ ಬೇಜಾರಾಗೈತೆ.”

ಮೂಲೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅತ್ತೆ ಚಿಕ್ಕಗೌರಮ್ಮ ತಲೆಯೆತ್ತಿದರು. “ಸೀರೇಲಿ ಏಣಿ ಹತ್ಬೇಡ. ಚೂಡಿದಾರ ಹೊಲಿಸ್ಕೊ.” ಇಪ್ಪತ್ತು ವರ್ಷ ಚೂಡಿದಾರವನ್ನು ಹೊಸಿಲು ದಾಟಲು ಬಿಡದವರು ಅವರೇ. ಗಂಡ, ಹೆಂಡತಿ ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಮಾರನೇ ದಿನವೇ ಶಶಿರೇಖಾ ಚಿತ್ತೇಶನಿಗೆ ಫೋನ್ ಮಾಡಿ, ಏಣಿಯ ಕೆಲಸವೇ ಇರಲಿ ಎಂದರು.

ಮೊದಲ ಕೆಲಸ ಹಂದನಕೆರೆಯ ಕೊಬ್ಬರಿ ವ್ಯಾಪಾರಿ ಸಣ್ಣತಿಮ್ಮಯ್ಯನವರಲ್ಲಿ. ಅಂಗಡಿಯ ಕಂಪ್ಯೂಟರಿನಿಂದ ಹಿಂದಿನ ಗೋದಾಮಿನ ಕಂಪ್ಯೂಟರಿಗೆ ಅಟ್ಟದ ಮೇಲೆ ವೈರ್ ಎಳೆಯಬೇಕಿತ್ತು. ಅವರು ಶಶಿರೇಖಾರ ಬೆನ್ನ ಹಿಂದೆ ಇಣುಕಿ, “ಇಂಜಿನಿಯರ್ ಯಾವಾಗ ಬತ್ತಾರೆ ತಾಯಿ?” ಅಂದರು.

“ಬಂದಿದಾರೆ. ಏಣಿ ಹಿಡ್ಕೊಳ್ಳಿ.”

ಅಟ್ಟದ ತುಂಬ ಕೊಬ್ಬರಿಯಾಗಲು ಇಟ್ಟ ತೆಂಗಿನಕಾಯಿ. ಶಶಿರೇಖಾ ಒಂದು ಹೆಜ್ಜೆ ಇಟ್ಟದ್ದೇ ಮೂರು ಕಾಯಿ ಧಡಧಡ ಉರುಳಿದವು. ಸಣ್ಣತಿಮ್ಮಯ್ಯ ಏಣಿ ಬಿಟ್ಟು ಅಂಗಳಕ್ಕೆ ಹಾರಿದರು. ಮೇಲಿನಿಂದ ಒಂದು ದೊಡ್ಡ ಸೀನು ಕೇಳಿಸಿತು, ಆಮೇಲೆ ಅದಕ್ಕಿಂತ ದೊಡ್ಡ ನಗು. ಸಂಜೆಯ ಹೊತ್ತಿಗೆ ಎರಡೂ ಕಂಪ್ಯೂಟರು ಒಂದಕ್ಕೊಂದು ಸಿಕ್ಕಿದವು. ಮುಖವೆಲ್ಲ ಮಸಿ, ಜಡೆಯಲ್ಲಿ ನಾರು ಮಾಡಿಕೊಂಡು ಶಶಿರೇಖಾ ಜಗುಲಿಯಲ್ಲಿ ನಿಂತೇ ಎರಡು ಲೋಟ ಮಜ್ಜಿಗೆ ಕುಡಿದು, ತಿಪಟೂರಿನಿಂದ ತುರುವೇಕೆರೆಗೆ ನಾಳೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.